ಅಮೆರಿಕದ ಮಂತ್ರಿಯೊಬ್ಬರ ಮೇಲಣ ಮಹಾಭಿಯೋಗ

ಮನೆಯ ಯಜಮಾನನು ತಪ್ಪುಮಾಡಿದರೆ ಮನೆಯ ಹಿರಿಯರು ಬುದ್ಧಿ ಹೇಳುವರು. ಊರಿನ ಪಟೇಲನು ತಪ್ಪುಮಾಡಿದರೆ ಹಿಂದಿನ ಕಾಲದಲ್ಲಿ ಅಮಲ್ದಾರರು ಕೇಳುತ್ತಿದ್ದರು. ಒಂದು ದೊಡ್ಡ ದೇಶದ ಮಂತ್ರಿಯೇ ತಪ್ಪುಮಾಡಿದನೆಂದು ಜನರಿಗೆ ತೋರಿದರೆ ಅವನನ್ನು ಕೇಳತಕ್ಕವರು ಯಾರು? ಕೇಳುವ ಕ್ರಮವಾದರೂ ಯಾವುದು? ಅದಕ್ಕಿಂತಲೂ ಮುಖ್ಯವಾಗಿ, ಅವನು ಮಾಡಿದ್ದು ಕೇವಲ ತಪ್ಪೋ ಅಥವಾ ಅಪರಾಧವೋ ಎಂಬುದನ್ನು ನಿಶ್ಚಯಿಸುವುದು ಹೇಗೆ? ಈ ಪ್ರಶ್ನೆಗಳು ಪುಸ್ತಕದಲ್ಲಿ ಓದಿ ಮರೆಯುವಂಥವಲ್ಲವೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಜನರು 2024ನೆಯ ಇಸವಿಯಲ್ಲಿ ಕಣ್ಣಾರೆ ಕಂಡರು. ಆ ವರ್ಷದ ಫೆಬ್ರವರಿ 13ನೆಯ ತಾರೀಖು ಅಲ್ಲಿಯ ಪ್ರತಿನಿಧಿಸಭೆಯು ದೇಶದ ಗಡಿಯನ್ನು ಕಾಯುವ ಇಲಾಖೆಯ ಮಂತ್ರಿಗಳಾಗಿದ್ದ ಅಲೆಹಾಂಡ್ರೊ ಮಯೋರ್ಕಸ್ ಎಂಬವರ ಮೇಲೆ ಮಹಾಭಿಯೋಗವನ್ನು ಹೊರಿಸಿತು. ಪರವಾಗಿ ಬಂದ ಮತಗಳು 214; ವಿರುದ್ಧವಾಗಿ ಬಂದವು 213. ಒಂದೇ ಒಂದು ಮತದ ಅಂತರ! ಮಂತ್ರಿಯೊಬ್ಬರಿಗೆ ಆ ದೇಶದಲ್ಲಿ ಇಂಥ ಗತಿ ಬಂದು ಆಗಲೇ 148 ವರ್ಷಗಳು ಕಳೆದಿದ್ದವು.

ಏಳು ಸಮುದ್ರದಾಚೆಯ ಈ ವಿಚಾರ ನಮಗೇಕೆ ಎಂದು ಕೆಲವರು ಕೇಳಬಹುದು. ಆದರೆ ಈಗ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಇದ್ದಾರೆ. ಅವರ ವೀಸಾ ಅವಧಿಯನ್ನು ಮುಂದುವರಿಸುವುದು, ಅವರಿಗೆ ಗ್ರೀನ್ ಕಾರ್ಡ್ ಕೊಡುವುದು, ಬಿಡುವುದು ಎಲ್ಲವೂ ಇದೇ ಇಲಾಖೆಗೆ ಸೇರಿದ ಒಂದು ಕಚೇರಿಯ ಕೆಲಸ. ಮಯೋರ್ಕಸ್ ಅವರು ಮಂತ್ರಿಗಳಾಗುವುದಕ್ಕೆ ಮೊದಲು, 2009ರಿಂದ 2013ರ ವರೆಗೆ, ಆ ಕಚೇರಿಗೇ ಮುಖ್ಯಸ್ಥರಾಗಿದ್ದರು. ಮಗನ ಕಾಗದಕ್ಕಾಗಿ ಅಂಚೆಯವನ ದಾರಿ ಕಾದ ತಾಯಿಯರು ಹಿಂದೆ ಇದ್ದರು; ಆ ಕಚೇರಿಯ ಒಂದು ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾದಿರುವ ತಾಯಿಯರು ಇಂದು ಇದ್ದಾರೆ. ಆದಕಾರಣ ಈ ಕಥೆ ನಮಗೆ ಪೂರ್ತಿ ಹೊರಗಿನದಲ್ಲ.

ನಮ್ಮ ಮಂತ್ರಿಗಳೂ ಅವರ ಮಂತ್ರಿಗಳೂ

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ಮಂತ್ರಿಯಾದವನು ಶಾಸನಸಭೆಯಲ್ಲಿಯೇ ಕುಳಿತಿರುತ್ತಾನೆ. ಸದಸ್ಯರು ಎದ್ದು ಪ್ರಶ್ನೆ ಕೇಳಿದರೆ ಅವನು ಎದ್ದು ಉತ್ತರ ಹೇಳಬೇಕು. ರಾಜ್ಯಾಂಗದ 75ನೆಯ ವಿಧಿಯ ಪ್ರಕಾರ ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆ. ಸಭೆಯ ವಿಶ್ವಾಸ ಹೋದ ದಿನ ಮಂತ್ರಿಮಂಡಲವೂ ಹೋಗಬೇಕು. ಅದಕ್ಕೆ ಅಪರಾಧವನ್ನು ಸಿದ್ಧಪಡಿಸುವ ಅವಶ್ಯಕತೆಯೇ ಇಲ್ಲ. ಇನ್ನು ಕೆಲವರು ಸಭೆ ಕೇಳುವ ಮೊದಲೇ ತಮ್ಮ ಮನಸ್ಸಾಕ್ಷಿಗೆ ಓಗೊಟ್ಟವರೂ ಉಂಟು. 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ಅಪಘಾತವಾದಾಗ, ಆ ಗಾಡಿಯನ್ನು ತಾವು ನಡೆಸಿರದಿದ್ದರೂ, ಲಾಲ್ ಬಹದ್ದೂರ್ ಶಾಸ್ತ್ರಿಗಳು ರೈಲ್ವೆ ಮಂತ್ರಿಪದವಿಯನ್ನು ಬಿಟ್ಟುಕೊಟ್ಟರು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮಂತ್ರಿಯನ್ನು 'ಕಾರ್ಯದರ್ಶಿ' ಎಂದು ಕರೆಯುತ್ತಾರೆ. ಅವನನ್ನು ಆರಿಸುವವರು ಅಧ್ಯಕ್ಷರು. ಒಪ್ಪುವುದು ಸೆನೇಟ್ ಸಭೆ. ಒಮ್ಮೆ ಒಪ್ಪಿದ ಮೇಲೆ ಅವನು ಅಧ್ಯಕ್ಷರ ಆಳು. ಅವನು ಶಾಸನಸಭೆಯ ಸದಸ್ಯನಾಗಿರಕೂಡದೆಂದೇ ಅವರ ರಾಜ್ಯಾಂಗದ ಕಟ್ಟಳೆ. ಅವಿಶ್ವಾಸದ ನಿರ್ಣಯವೆಂಬುದು ಅಲ್ಲಿ ಇಲ್ಲ. ಮಂತ್ರಿಯ ಕೆಲಸ ಸರಿಬೀಳದಿದ್ದರೆ ಸಭೆಯು ಅವನನ್ನು ಕರೆಸಿ ಕೇಳಬಹುದು, ಗದರಿಸಬಹುದು, ಅವನ ಇಲಾಖೆಗೆ ಹಣವನ್ನು ಬಿಗಿಹಿಡಿಯಬಹುದು. ಅವನನ್ನು ಪೀಠದಿಂದ ಇಳಿಸಬೇಕೆಂದರೆ ಮಾತ್ರ ಸಭೆಯ ಕೈಯಲ್ಲಿರುವ ಆಯುಧ ಒಂದೇ, ಅದೇ ಮಹಾಭಿಯೋಗ. ನಮ್ಮ ಪತ್ರಿಕೆಗಳು ಇದನ್ನು ವಾಗ್ದಂಡನೆ ಎಂದೂ ಕರೆಯುತ್ತವೆ.

ಇದರ ಕ್ರಮ ಹೀಗೆ: ಪ್ರತಿನಿಧಿಸಭೆಯು ಬಹುಮತದಿಂದ ಆರೋಪವನ್ನು ಹೊರಿಸುತ್ತದೆ. ಆ ಮೇಲೆ ಸೆನೇಟ್ ಸಭೆಯ ನೂರು ಮಂದಿ ಪ್ರಮಾಣ ಸ್ವೀಕರಿಸಿ ನ್ಯಾಯಾಧೀಶರಂತೆ ಕುಳಿತು ವಿಚಾರಿಸುತ್ತಾರೆ. ಹಾಜರಿರುವವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಅಪರಾಧಿಯೆಂದು ಹೇಳಿದರೆ ಮಾತ್ರ ಅಧಿಕಾರ ಹೋಗುತ್ತದೆ. ಈ ಎರಡನೆಯ ಬಾಗಿಲು ಬಹು ಕಿರಿದು. ಅಮೆರಿಕದ ಚರಿತ್ರೆಯಲ್ಲಿ 2024ರ ವರೆಗೆ 21 ಮಂದಿಯ ಮೇಲೆ ಮಹಾಭಿಯೋಗ ಬಂದಿತ್ತು. ಅವರಲ್ಲಿ ಅಧಿಕಾರ ಕಳೆದುಕೊಂಡವರು ಎಂಟು ಮಂದಿ, ಆ ಎಂಟು ಮಂದಿಯೂ ನ್ಯಾಯಾಧೀಶರೇ.

ವಾರೆನ್ ಹೇಸ್ಟಿಂಗ್ಸನ ನೆರಳು

ಈ ಆಯುಧವನ್ನು ಅಮೆರಿಕದವರು ಇಂಗ್ಲೆಂಡಿನಿಂದ ತಂದರು. ತರುವಾಗ ಅವರ ಕಣ್ಣಮುಂದೆ ಇದ್ದ ಉದಾಹರಣೆಗೂ ನಮ್ಮ ದೇಶಕ್ಕೂ ನೇರವಾದ ಸಂಬಂಧವುಂಟು. 1787ನೆಯ ಇಸವಿಯ ಬೇಸಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ಅವರ ಹಿರಿಯರು ಸೇರಿ ರಾಜ್ಯಾಂಗವನ್ನು ಬರೆಯುತ್ತಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ವಾರೆನ್ ಹೇಸ್ಟಿಂಗ್ಸನ ಮೇಲೆ ಮಹಾಭಿಯೋಗ ಹೊರಿಸಿತ್ತು. 1780ರಲ್ಲಿ ಹೈದರಾಲಿಯು ಮೈಸೂರಿನ ಸೈನ್ಯದೊಡನೆ ಕರ್ನಾಟಿಕ್ ಪ್ರಾಂತಕ್ಕೆ ಇಳಿದಾಗ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ಈ ಹೇಸ್ಟಿಂಗ್ಸನೇ. ಕಾಶಿಯ ರಾಜ ಚೇತಸಿಂಗನನ್ನೂ ಅಯೋಧ್ಯೆಯ ಬೇಗಮರನ್ನೂ ಹಣಕ್ಕಾಗಿ ಹಿಂಸಿಸಿದನೆಂಬುದು ಅವನ ಮೇಲಿದ್ದ ಮುಖ್ಯ ಆರೋಪಗಳಲ್ಲಿ ಸೇರಿತ್ತು.

ಸೆಪ್ಟೆಂಬರ್ 8ನೆಯ ದಿನ ಫಿಲಡೆಲ್ಫಿಯದ ಸಭೆಯಲ್ಲಿ ಜಾರ್ಜ್ ಮೇಸನ್ ಎಂಬವನು ಎದ್ದು, ರಾಜದ್ರೋಹ ಮತ್ತು ಲಂಚ ಎಂಬ ಎರಡನ್ನೇ ಬರೆದರೆ ಸಾಲದು, ಹೇಸ್ಟಿಂಗ್ಸನು ಮಾಡಿದ್ದು ರಾಜದ್ರೋಹವಲ್ಲವಷ್ಟೆ ಎಂದು ತೋರಿಸಿ, 'ದುರಾಡಳಿತ' ಎಂಬ ಮಾತನ್ನೂ ಸೇರಿಸಬೇಕೆಂದು ಕೇಳಿದನು. ಅದಕ್ಕೆ ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ. ಅಷ್ಟು ಸಡಿಲವಾದ ಮಾತನ್ನು ಬರೆದರೆ ಅಧಿಕಾರಿಯು ಸೆನೇಟಿನ ಮರ್ಜಿ ಇರುವ ವರೆಗೆ ಮಾತ್ರ ಪೀಠದಲ್ಲಿರಬೇಕಾಗುತ್ತದೆ ಎಂದು ಅವನ ವಾದ. ಮೇಸನ್ನನು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡನು. ಅದರ ಸ್ಥಾನದಲ್ಲಿ 'ಮಹಾಪರಾಧಗಳು ಮತ್ತು ದುರ್ನಡತೆಗಳು' ಎಂಬರ್ಥದ ಮಾತು ಬಂದಿತು. ಸಭೆಯು ಅದನ್ನು ಸ್ವೀಕರಿಸಿತು. ಆಡಳಿತದ ಕೊರತೆ ಬೇರೆ, ಅಧಿಕಾರದ ದ್ರೋಹ ಬೇರೆ ಎಂಬ ಗೆರೆಯನ್ನು ಅವರು ಆ ದಿನ ಎಳೆದರು. ಆದರೆ ಗೆರೆಯು ಎಲ್ಲಿ ಹಾಯುತ್ತದೆಂಬುದನ್ನು ಮಾತ್ರ ಮುಂದಿನವರ ವಿವೇಕಕ್ಕೆ ಬಿಟ್ಟರು.

ಹೇಸ್ಟಿಂಗ್ಸನ ಕಥೆ ಏನಾಯಿತೆಂದು ವಾಚಕರು ತಿಳಿಯಬಯಸಬಹುದು. ಅವನ ವಿಚಾರಣೆ 1788ರ ಫೆಬ್ರವರಿ 13ರಂದು ಲಂಡನ್ನಿನಲ್ಲಿ ಮೊದಲಾಯಿತು. ಎಡ್ಮಂಡ್ ಬರ್ಕನ ವಾಗ್ವೈಭವವನ್ನು ಕೇಳಲು ಊರೇ ನೆರೆಯಿತು. ಏಳು ವರ್ಷ ಎಳೆದು 1795ರಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತು. ಅಷ್ಟರಲ್ಲಿ ಅವನ ಆಸ್ತಿಯೆಲ್ಲ ವ್ಯಾಜ್ಯಕ್ಕೆ ಕರಗಿತ್ತು.

ಮೊದಲನೆಯ ಮಂತ್ರಿ

ಅಮೆರಿಕದಲ್ಲಿ ಮಹಾಭಿಯೋಗಕ್ಕೆ ಒಳಗಾದ ಮೊದಲನೆಯ ಮಂತ್ರಿ ವಿಲಿಯಂ ಬೆಲ್‌ನ್ಯಾಪ್, ಯುದ್ಧಖಾತೆಯ ಮಂತ್ರಿ. ಅವನ ಕಥೆಯಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ. ಪಶ್ಚಿಮದ ಕೋಟೆಗಳಲ್ಲಿ ಸಿಪಾಯಿಗಳಿಗೆ ಸಾಮಾನು ಮಾರುವ ಅಂಗಡಿಯ ಹಕ್ಕನ್ನು ಕೊಡುವುದು ಅವನ ಕೈಯಲ್ಲಿತ್ತು. ಫೋರ್ಟ್ ಸಿಲ್ ಎಂಬ ಕೋಟೆಯ ಹಕ್ಕನ್ನು ಅವನು ತನ್ನ ಹೆಂಡತಿಯ ಪರಿಚಯದವನೊಬ್ಬನಿಗೆ ದೊರಕಿಸಿದನು. ಆ ಮನುಷ್ಯನು ತಾನು ಅಂಗಡಿಯಿಡದೆ, ಅಲ್ಲಿದ್ದ ಹಳೆಯ ವರ್ತಕನನ್ನೇ ಇರಗೊಟ್ಟು, ಅವನಿಂದ ವರ್ಷಕ್ಕೆ 12,000 ಡಾಲರ್ ವಸೂಲುಮಾಡುವ ಕರಾರು ಮಾಡಿಕೊಂಡು, ಅದರಲ್ಲಿ ಅರ್ಧವನ್ನು ಮಂತ್ರಿಯ ಮನೆಗೆ ಕಳುಹಿಸುತ್ತಿದ್ದನು. ಹೆಂಡತಿ ತೀರಿಕೊಂಡ ಮೇಲೂ ಹಣ ಬರುವುದು ನಿಲ್ಲಲಿಲ್ಲ. ಹೊರೆಯೆಲ್ಲ ಕೊನೆಗೆ ಬಿದ್ದುದು ಕೋಟೆಯ ಬಡ ಸಿಪಾಯಿಯ ಸಂಬಳದ ಮೇಲೆ.

ಸಂಗತಿ ಬಯಲಾಗಿ 1876ರ ಮಾರ್ಚ್ 2ರಂದು ಪ್ರತಿನಿಧಿಸಭೆಯು ಮತ ಹಾಕಲು ಸಿದ್ಧವಾದಾಗ, ಬೆಲ್‌ನ್ಯಾಪನು ಬೆಳಗ್ಗೆಯೇ ಅಧ್ಯಕ್ಷ ಗ್ರಾಂಟರ ಬಳಿಗೆ ಓಡಿ ರಾಜೀನಾಮೆ ಕೊಟ್ಟನು. ಸಭೆಯು ಬಿಡಲಿಲ್ಲ, ಒಮ್ಮತದಿಂದ ಮಹಾಭಿಯೋಗ ಹೊರಿಸಿತು. ಆದರೆ ಸೆನೇಟಿನಲ್ಲಿ ಮೂರರಲ್ಲಿ ಎರಡು ಪಾಲು ಮತ ಬರಲಿಲ್ಲ. ಅಧಿಕಾರ ಬಿಟ್ಟವನನ್ನು ವಿಚಾರಿಸುವ ಹಕ್ಕು ತಮಗಿಲ್ಲವೆಂದು ಹಲವರು ಹಿಂದೆಗೆದರು. ಹೀಗೆ ಕೈಯಲ್ಲಿ ಲಂಚದ ಕಲೆಯಿದ್ದವನೂ ಶಿಕ್ಷೆಯಿಲ್ಲದೆ ಹೋದನು. ಅಂದಿನಿಂದ 2024ರ ವರೆಗೆ ಮಂತ್ರಿಗಳಲ್ಲಿ ಯಾರ ಮೇಲೂ ಆ ಆಯುಧವು ಎತ್ತಲ್ಪಡಲಿಲ್ಲ.

ಶರಣಾರ್ಥಿಯ ಮಗ, ಗಡಿಯ ಕಾವಲುಗಾರ

ಮಯೋರ್ಕಸ್ ಅವರ ಜೀವನವೇ ಒಂದು ವಲಸೆಯ ಕಥೆ. ಅವರ ತಾಯಿ ರುಮೇನಿಯ ದೇಶದ ಯೆಹೂದ್ಯ ಮನೆತನದವರು. ನಾಜಿಗಳ ಕಾಲದಲ್ಲಿ ಪ್ರಾಣವುಳಿಸಿಕೊಂಡು ಕ್ಯೂಬ ದ್ವೀಪಕ್ಕೆ ಬಂದವರು. ಹಿಂದೆ ಉಳಿದ ಬಂಧುಗಳಲ್ಲಿ ಅನೇಕರು ಹತರಾದರು. ಮಗನು 1959ರಲ್ಲಿ ಹವಾನ ನಗರದಲ್ಲಿ ಹುಟ್ಟಿದನು. ಆ ವರ್ಷವೇ ಅಲ್ಲಿ ಕ್ರಾಂತಿಯಾಯಿತು. ಮರುವರ್ಷ ತಂದೆತಾಯಿಗಳು ಕೂಸನ್ನು ಎತ್ತಿಕೊಂಡು ಅಮೆರಿಕಕ್ಕೆ ಬಂದರು. ಹುಡುಗನು ಲಾಸ್ ಏಂಜಲೀಸ್ ಸೀಮೆಯಲ್ಲಿ ಬೆಳೆದು, ನ್ಯಾಯಶಾಸ್ತ್ರ ಓದಿ, ಸರ್ಕಾರದ ವಕೀಲನಾಗಿ ಮೇಲೆ ಬಂದನು. 2021ರ ಫೆಬ್ರವರಿ 2ರಂದು ಸೆನೇಟ್ ಸಭೆಯು 56ಕ್ಕೆ 43 ಮತಗಳಿಂದ ಅವರ ನೇಮಕವನ್ನು ಒಪ್ಪಿತು. ಹೊರದೇಶದಲ್ಲಿ ಹುಟ್ಟಿ ಬಂದವರೊಬ್ಬರು ಆ ಪದವಿಗೆ ಏರಿದ್ದು ಅದೇ ಮೊದಲು.

ಅವರ ಇಲಾಖೆಯ ಹೆಸರು ಸ್ವದೇಶ ರಕ್ಷಣೆಯ ಇಲಾಖೆ. 2001ರ ಸೆಪ್ಟೆಂಬರ್ 11ರ ಘೋರ ಘಟನೆಯಾದ ಮೇಲೆ 22 ಬೇರೆ ಬೇರೆ ಕಚೇರಿಗಳನ್ನು ಒಂದುಗೂಡಿಸಿ 2003ರಲ್ಲಿ ಇದನ್ನು ನಡೆಗೆ ತಂದರು. ವಿಮಾನದ ಪ್ರಯಾಣಿಕರನ್ನು ಶೋಧಿಸುವವರು, ಕಡಲ ಕಾವಲಿನವರು, ಬಿರುಗಾಳಿ ಬಂದಾಗ ಪರಿಹಾರ ಕೊಡುವವರು, ಗಡಿಯ ಪಹರೆಯವರು ಎಲ್ಲರೂ ಇದರಲ್ಲಿ ಸೇರಿದ್ದಾರೆ. ಮೆಕ್ಸಿಕೊ ದೇಶದೊಡನೆ ಇರುವ ಗಡಿಯೇ ಸುಮಾರು 3,145 ಕಿಲೊಮೀಟರ್ ಉದ್ದ. ಅದರ ಪೂರ್ವದ ಭಾಗದಲ್ಲಿ ರಿಯೊ ಗ್ರಾಂಡೆ ಎಂಬ ನದಿಯೇ ಎಲ್ಲೆ. ಪಶ್ಚಿಮದಲ್ಲಿ ಮರುಭೂಮಿ, ಬೆಟ್ಟ, ಅಲ್ಲಲ್ಲಿ ಉಕ್ಕಿನ ಬೇಲಿ.

ಆ ಗಡಿಯಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ವಿವರಿಸಬೇಕು. ತನ್ನ ದೇಶದಲ್ಲಿ ಪ್ರಾಣಭಯವುಂಟೆಂದು ಹೇಳಿ ಅಮೆರಿಕದ ನೆಲವನ್ನು ಮುಟ್ಟಿದವನು, ದಿಡ್ಡಿಬಾಗಿಲಿನಿಂದ ಬಂದಿರಲಿ ಬೇಲಿ ಹಾರಿ ಬಂದಿರಲಿ, ಆಶ್ರಯವನ್ನು ಕೇಳಬಹುದೆಂದು ಅಲ್ಲಿಯ ಕಾನೂನು ಹೇಳುತ್ತದೆ. ಅದೇ ಕಾನೂನಿನ ಇನ್ನೊಂದು ಭಾಗವು, ಹೀಗೆ ಬಂದವರನ್ನು ವಿಚಾರಣೆ ಮುಗಿಯುವ ತನಕ ತಡೆದಿಡಬೇಕು ಎನ್ನುತ್ತದೆ. ತಡೆದಿಡಲು ಸಭೆಯು ಹಣ ಕೊಟ್ಟಿದ್ದುದು ಸುಮಾರು 34,000 ಹಾಸಿಗೆಗಳಿಗೆ. ಬಂದವರಾದರೊ ಲಕ್ಷಗಟ್ಟಲೆ. ವಲಸೆಯ ನ್ಯಾಯಾಲಯಗಳಲ್ಲಿ 2023ರ ಕೊನೆಗೆ 30 ಲಕ್ಷ ಮೊಕದ್ದಮೆಗಳು ಕೊಳೆಯುತ್ತ ಬಿದ್ದಿದ್ದವು. ಹೀಗಿರಲು ಗಡಿಯ ಅಧಿಕಾರಿಯು ಮಾಡತಕ್ಕದ್ದೇನು? ಬಹು ಮಂದಿಯನ್ನು 'ಇಂಥ ದಿನ ನ್ಯಾಯಾಲಯಕ್ಕೆ ಬಾ' ಎಂದು ಚೀಟಿ ಕೊಟ್ಟು ಒಳಗೆ ಬಿಡುತ್ತಿದ್ದರು. ಆ 'ಇಂಥ ದಿನ'ವು ಎಷ್ಟೋ ವರ್ಷಗಳ ಮೇಲೆ ಬರುವಂಥದು.

ಕಾಯಿಲೆಯ ಕಾಲದಲ್ಲಿ, 2020ರ ಮಾರ್ಚಿನಿಂದ, ಬಂದವರನ್ನು ಆರೋಗ್ಯದ ನೆಪದಿಂದ ಕೂಡಲೇ ಹಿಂದಕ್ಕೆ ಅಟ್ಟುವ ಒಂದು ನಿಯಮವಿತ್ತು. ಅದು 2023ರ ಮೇ 11ಕ್ಕೆ ಮುಗಿಯಿತು. 2023ರ ಸೆಪ್ಟೆಂಬರಿಗೆ ಕೊನೆಗೊಂಡ ಲೆಕ್ಕದ ವರ್ಷದಲ್ಲಿ ದಕ್ಷಿಣದ ಗಡಿಯಲ್ಲಿ ಅಧಿಕಾರಿಗಳು ಜನರನ್ನು ಎದುರುಗೊಂಡ ಪ್ರಸಂಗಗಳು ಸುಮಾರು 24 ಲಕ್ಷ 75 ಸಾವಿರ. ಆ ವರ್ಷದ ಡಿಸೆಂಬರ್ ತಿಂಗಳೊಂದರಲ್ಲಿಯೇ ಬಾಗಿಲಲ್ಲದ ಕಡೆ ದಾಟಿ ಸಿಕ್ಕವರು ಹತ್ತಿರ ಹತ್ತಿರ 2,50,000. ಟೆಕ್ಸಸ್ ಪ್ರಾಂತದ ಈಗಲ್ ಪಾಸ್ ಎಂಬ ಊರಿನಲ್ಲಿ ಕಾವಲಿನವರು ಸಾಲದೆ ರೈಲು ಸೇತುವೆಯನ್ನೇ ಕೆಲವು ದಿನ ಮುಚ್ಚಬೇಕಾಯಿತು. ಬಂದವರಲ್ಲಿ ನಮ್ಮ ದೇಶದವರೂ ಕಡಿಮೆಯಿರಲಿಲ್ಲ. ಅದೇ ಲೆಕ್ಕದ ವರ್ಷದಲ್ಲಿ ಅಮೆರಿಕದ ಎಲ್ಲ ಗಡಿಗಳಲ್ಲಿ ಸೇರಿ ಭಾರತೀಯರನ್ನು ಎದುರುಗೊಂಡ ಪ್ರಸಂಗಗಳು ಸುಮಾರು 97,000. 2022ರ ಜನವರಿಯಲ್ಲಿ ಗುಜರಾತಿನ ಒಂದು ಸಂಸಾರದ ನಾಲ್ವರು, ಅವರಲ್ಲಿ ಇಬ್ಬರು ಮಕ್ಕಳು, ಕೆನಡದ ಗಡಿಯ ಹಿಮದಲ್ಲಿ ಮರಗಟ್ಟಿ ಸತ್ತುದನ್ನು ಓದುಗರು ಮರೆತಿರಲಾರರು.

ಆರೋಪವೇನು, ಉತ್ತರವೇನು?

2023ರ ನವೆಂಬರಿನಲ್ಲಿ ಜಾರ್ಜಿಯ ಪ್ರಾಂತದ ಮಾರ್ಜರಿ ಟೇಲರ್ ಗ್ರೀನ್ ಎಂಬ ಸದಸ್ಯೆಯು ಮಂತ್ರಿಗಳ ಮೇಲೆ ಮಹಾಭಿಯೋಗದ ನಿರ್ಣಯವನ್ನು ತಂದರು. ಸಭೆಯು ಅದನ್ನು ಸ್ವದೇಶ ರಕ್ಷಣೆಯ ಸಮಿತಿಗೆ ಒಪ್ಪಿಸಿತು. ಟೆನೆಸಿಯ ಮಾರ್ಕ್ ಗ್ರೀನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ಜನವರಿಯಲ್ಲಿ ವಿಚಾರಿಸಿ, ತಿಂಗಳ ಕೊನೆಯ ದಿನ 18ಕ್ಕೆ 15 ಮತಗಳಿಂದ ಎರಡು ಆರೋಪಗಳನ್ನು ಅಂಗೀಕರಿಸಿತು. ಮೊದಲನೆಯದು: ಮಂತ್ರಿಗಳು ಬೇಕೆಂದೇ, ಕ್ರಮವಾಗಿ, ಕಾನೂನನ್ನು ನಡೆಸದೆ ಹೋದರು, 'ತಡೆದಿಡತಕ್ಕದ್ದು' ಎಂದು ಬರೆದಿರುವಲ್ಲಿ ಬಿಟ್ಟುಬಿಟ್ಟರು. ಎರಡನೆಯದು: ಗಡಿಯು ಭದ್ರವಾಗಿದೆಯೆಂದು ಪ್ರಮಾಣದ ಮೇಲೆ ಸುಳ್ಳು ಹೇಳಿ, ಸಭೆಯ ವಿಚಾರಣೆಗೆ ಅಡ್ಡಿಪಡಿಸಿ, ಜನರ ನಂಬಿಕೆಯನ್ನು ಕೆಡಿಸಿದರು.

ಆರೋಪಮಾಡಿದವರ ಮಾತನ್ನು ಹಗುರವಾಗಿ ತೆಗೆಯಲಾಗದು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ನಾವು ಹೇಳುವಂತೆಯೇ ಅವರೂ ಗಡಿ ಕಾಯುವವನೇ ಗಡಿಯನ್ನು ಬಿಟ್ಟುಕೊಟ್ಟನೆಂದು ನೊಂದು ಹೇಳಿದರು. ಸಮಿತಿಯ ಮುಂದೆ ಇಬ್ಬರು ತಾಯಂದಿರು ಬಂದು ಕುಳಿತರು. ಒಬ್ಬಾಕೆಯ ಮಗಳು ಕೊಲೆಯಾಗಿದ್ದಳು. ಗಡಿ ದಾಟಿ ಬಂದವನೊಬ್ಬನ ಮೇಲೆ ಆ ಕೊಲೆಯ ಆಪಾದನೆಯಿತ್ತು. ಇನ್ನೊಬ್ಬಾಕೆಯ ಮಗಳು ಫೆಂಟನಿಲ್ ಎಂಬ ವಿಷದ ಮದ್ದಿಗೆ ಬಲಿಯಾದವಳು. ಆ ಮದ್ದಿನ ಜಾತಿಯಿಂದ 2022ರಲ್ಲಿ ಆ ದೇಶದಲ್ಲಿ ಸತ್ತವರು 70,000ಕ್ಕೂ ಹೆಚ್ಚು. ಕಾನೂನನ್ನು ನಡೆಸಿರೆಂದು ಪ್ರಾಂತಗಳು ನ್ಯಾಯಾಲಯಕ್ಕೆ ಹೋದದ್ದೂ ಉಂಟು. 2023ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾರನ್ನು ಹಿಡಿಯಬೇಕು ಯಾರನ್ನು ಬಿಡಬೇಕೆಂಬುದರ ಮೇಲೆ ದಾವೆ ಹೂಡುವ ಹಕ್ಕು ಪ್ರಾಂತಗಳಿಗಿಲ್ಲವೆಂದು ಎಂಟಕ್ಕೆ ಒಂದರಂತೆ ತೀರ್ಪಿತ್ತಿತು. ಭಿನ್ನಾಭಿಪ್ರಾಯ ಬರೆದ ಒಬ್ಬ ನ್ಯಾಯಮೂರ್ತಿಗಳು, ಹಾಗಾದರೆ ಸಭೆಗೆ ಉಳಿಯುವುದು ಹಣ ತಡೆಯುವುದು, ಮಹಾಭಿಯೋಗ ಹೊರಿಸುವುದು ಇವೇ ಸರಿ ಎಂದು ಸೂಚಿಸಿದ್ದರು. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ನಾವು ಇನ್ನೆಲ್ಲಿಗೆ ಹೋಗೋಣ ಎಂಬುದೇ ಆರೋಪಿಸಿದವರ ವಾದದ ಬಲವಾದ ಕಂಬ.

ಮಂತ್ರಿಗಳ ಕಡೆಯ ಉತ್ತರವೂ ಅಷ್ಟೇ ಸ್ಪಷ್ಟವಾಗಿತ್ತು. ಅವರು ಸಮಿತಿಗೆ ಏಳು ಪುಟಗಳ ಕಾಗದ ಬರೆದು ತಮ್ಮ ತಂದೆತಾಯಿಗಳ ಕಥೆಯನ್ನೂ ತಮ್ಮ ಸೇವೆಯನ್ನೂ ನೆನೆಸಿಕೊಂಡು ಆರೋಪಗಳನ್ನು ಅಲ್ಲಗಳೆದರು. ಬಂದವರೆಲ್ಲರನ್ನೂ ತಡೆದಿಡುವಷ್ಟು ಸ್ಥಳವೂ ಹಣವೂ ಯಾವ ಅಧ್ಯಕ್ಷರ ಕಾಲದಲ್ಲಿಯೂ ಇರಲಿಲ್ಲ; ಹಳಸಿದ ಕಾನೂನನ್ನು ತಿದ್ದತಕ್ಕವರು ಸಭೆಯವರೇ ಎಂದು ಅವರ ಪಕ್ಷದವರು ಹೇಳಿದರು. ಮಂತ್ರಿಗಳು ಲಂಚ ತಿಂದಿಲ್ಲ, ದೇಶವನ್ನು ಮಾರಿಲ್ಲ. ಅಧ್ಯಕ್ಷರ ನೀತಿಯನ್ನು ನಡೆಸಿದರು, ಆ ನೀತಿ ನಿಮಗೆ ಒಪ್ಪಿಗೆಯಾಗಲಿಲ್ಲ, ಅಷ್ಟೆ ಎಂಬುದು ಅವರ ಪ್ರತಿವಾದ. ಎದುರು ಪಕ್ಷದವರೇ ಆಗಿದ್ದು ಹಿಂದೆ ಇದೇ ಇಲಾಖೆಗೆ ಮಂತ್ರಿಗಳಾಗಿದ್ದ ಮೈಕೆಲ್ ಚೆರ್ಟಾಫ್ ಅವರೂ ಈ ಮಹಾಭಿಯೋಗ ಸಲ್ಲದೆಂದು ಬರೆದರು.

ಎರಡು ಮತದಾನಗಳು

2024ರ ಫೆಬ್ರವರಿ 6ನೆಯ ಸಂಜೆ ನಿರ್ಣಯವು ಪ್ರತಿನಿಧಿಸಭೆಯ ಮುಂದೆ ಬಂತು. ಆರೋಪಿಸಿದ ರಿಪಬ್ಲಿಕನ್ ಪಕ್ಷದವರಿಗೆ ಅಲ್ಲಿ ಬಹುಮತವಿದ್ದರೂ ಅದು ಎಳೆಯಷ್ಟು ಸಣ್ಣದು. ಅವರ ಮುಂದಾಳುಗಳಲ್ಲಿ ಒಬ್ಬರಾದ ಸ್ಟೀವ್ ಸ್ಕಲೀಸ್ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದುದರಿಂದ ಬಂದಿರಲಿಲ್ಲ. ಇತ್ತ ಡೆಮಾಕ್ರಟಿಕ್ ಪಕ್ಷದ ಆಲ್ ಗ್ರೀನ್ ಎಂಬ ಟೆಕ್ಸಸಿನ ಸದಸ್ಯರು ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದರು. ಅವರು ಬರಲಾರರೆಂದು ಎದುರಾಳಿಗಳು ಎಣಿಸಿದ್ದರು. ಆದರೆ ಮತದಾನ ನಡೆಯುತ್ತಿರುವಾಗಲೇ ಆ ವೃದ್ಧರು ಆಸ್ಪತ್ರೆಯ ಉಡುಪಿನಲ್ಲಿ, ಕಾಲಿಗೆ ಜೋಡೂ ಇಲ್ಲದೆ, ಗಾಲಿಕುರ್ಚಿಯ ಮೇಲೆ ಬಂದು ವಿರುದ್ಧವಾಗಿ ಮತ ಕೊಟ್ಟರು. ಲೆಕ್ಕವು 215ಕ್ಕೆ 215 ಎಂದು ನಿಂತಿತು. ಸಮಸಂಖ್ಯೆಯಾದರೆ ನಿರ್ಣಯವು ಬಿದ್ದಂತೆಯೇ. ಮುಂದೆ ಮತ್ತೊಮ್ಮೆ ಎತ್ತಿಕೊಳ್ಳಲು ನಿಯಮದ ಪ್ರಕಾರ ದಾರಿಯಿರಲೆಂದು ರಿಪಬ್ಲಿಕನ್ನರಲ್ಲಿ ಒಬ್ಬರು ತಮ್ಮ ಮತವನ್ನು ಬದಲಿಸಿದ್ದರಿಂದ ಕೊನೆಯ ಲೆಕ್ಕ 214ಕ್ಕೆ 216 ಆಯಿತು.

ಆ ದಿನ ನಿಜವಾಗಿ ತಕ್ಕಡಿಯನ್ನು ವಾಲಿಸಿದವರು ಆರೋಪಿಸಿದ ಪಕ್ಷದವರೇ ಆದ ಮೂವರು: ಕೊಲೊರಾಡೊದ ಕೆನ್ ಬಕ್, ಕ್ಯಾಲಿಫೋರ್ನಿಯದ ಟಾಮ್ ಮೆಕ್ಲಿಂಟಾಕ್, ವಿಸ್ಕಾನ್ಸಿನ್‌ನ ಮೈಕ್ ಗ್ಯಾಲಗರ್. ಇವರು ಮಂತ್ರಿಗಳ ಮಿತ್ರರಲ್ಲ. ಗಡಿಯ ಕಾವಲು ಬಿಗಿಯಾಗಬೇಕೆನ್ನುವವರು. ಆದರೂ ಮೆಕ್ಲಿಂಟಾಕ್ ಅವರು ಹತ್ತು ಪುಟಗಳ ಒಂದು ಬರಹವನ್ನು ಹೊರಡಿಸಿ, ಈ ಆರೋಪಗಳಲ್ಲಿ ಮಹಾಭಿಯೋಗಕ್ಕೆ ತಕ್ಕ ಅಪರಾಧ ಕಾಣುವುದಿಲ್ಲವೆಂದೂ, ಇಂದು ನಾವು ಈ ಆಯುಧದ ಅರ್ಥವನ್ನು ಹಿಗ್ಗಿಸಿದರೆ ನಾಳೆ ಎದುರಿನವರು ಅದನ್ನೇ ನಮ್ಮ ಮೇಲೆ ತಿರುಗಿಸುವರೆಂದೂ ತೋರಿಸಿದರು. ತನ್ನ ಪಕ್ಷದ ಕೋಪವನ್ನು ಎದುರಿಸಿ, ತನಗೆ ಸರಿಬಾರದ ಮನುಷ್ಯನ ಪರವಾಗಿ ನಿಯಮವನ್ನು ಎತ್ತಿಹಿಡಿಯುವುದು ಎಲ್ಲ ದೇಶದಲ್ಲಿಯೂ ಅಪರೂಪದ ಗುಣ.

ಒಂದು ವಾರ ಕಳೆಯಿತು. ಸ್ಕಲೀಸ್ ಅವರು ಚಿಕಿತ್ಸೆಯಿಂದ ಹಿಂದಿರುಗಿದರು. ಫೆಬ್ರವರಿ 13ರಂದು ಮತ್ತೆ ಮತ ಎಣಿಸಿದರು. ಆ ಮೂವರು ತಮ್ಮ ಮಾತಿಗೆ ತಪ್ಪಲಿಲ್ಲ. ಆದರೂ ಈ ಸಲ ನಿರ್ಣಯವು ಒಂದು ಮತದಿಂದ ಗೆದ್ದಿತು. ಒಬ್ಬರ ಆರೋಗ್ಯ ಕೆಟ್ಟರೆ ಮಂತ್ರಿಯು ನಿರ್ದೋಷಿ, ಒಬ್ಬರು ಗುಣಹೊಂದಿದರೆ ಅವನು ಆರೋಪಿ ಎಂಬಂತಾಯಿತಲ್ಲವೆ? ಬೆಲ್‌ನ್ಯಾಪನ ಮೇಲೆ ಇಡೀ ಸಭೆ ಒಂದೇ ಧ್ವನಿಯಿಂದ ಎದ್ದಿತ್ತೆಂಬುದನ್ನು ಇಲ್ಲಿ ಹೋಲಿಸಿ ನೋಡಬಹುದು.

ಸೆನೇಟಿನ ಮೂರು ಗಂಟೆಗಳು

ಏಪ್ರಿಲ್ 16ರಂದು ಪ್ರತಿನಿಧಿಸಭೆಯ ಹನ್ನೊಂದು ಮಂದಿ ಆರೋಪಪತ್ರವನ್ನು ಮೆರವಣಿಗೆಯಂತೆ ಸೆನೇಟಿಗೆ ಒಯ್ದು ಒಪ್ಪಿಸಿದರು. ಮರುದಿನ ಸೆನೇಟರು ಪ್ರಮಾಣ ಸ್ವೀಕರಿಸಿದರು. ಅಲ್ಲಿ ಬಹುಮತವಿದ್ದುದು ಮಂತ್ರಿಗಳ ಪಕ್ಷಕ್ಕೆ. ಅವರ ನಾಯಕರಾದ ಚಕ್ ಶೂಮರ್ ಅವರು, ಈ ಆರೋಪಗಳು ಮಹಾಪರಾಧದ ಮಟ್ಟವನ್ನು ಮುಟ್ಟುವುದಿಲ್ಲವಾದ್ದರಿಂದ ರಾಜ್ಯಾಂಗಕ್ಕೆ ಸಲ್ಲವೆಂದು ಆಕ್ಷೇಪವೆತ್ತಿದರು. ಮೊದಲನೆಯ ಆರೋಪವು 51ಕ್ಕೆ 48ರಂತೆ, ಎರಡನೆಯದು 51ಕ್ಕೆ 49ರಂತೆ ತಳ್ಳಿಹೋದವು. ಒಬ್ಬ ಸಾಕ್ಷಿಯನ್ನೂ ಕೇಳದೆ, ಸುಮಾರು ಮೂರು ಗಂಟೆಗಳಲ್ಲಿ ಎಲ್ಲವೂ ಮುಗಿಯಿತು. ಹೇಸ್ಟಿಂಗ್ಸನ ಏಳು ವರ್ಷಗಳೆಲ್ಲಿ, ಈ ಮೂರು ಗಂಟೆಗಳೆಲ್ಲಿ!

ಇದನ್ನೂ ಎಲ್ಲರೂ ಮೆಚ್ಚಲಿಲ್ಲ. ಆರೋಪ ಬಂದ ಮೇಲೆ ವಿಚಾರಣೆ ನಡೆಸುವುದು ಸೆನೇಟಿನ ಧರ್ಮ, ಕೇಳದೆಯೇ ತಳ್ಳಿಬಿಟ್ಟರೆ ಮುಂದೆ ನಿಜವಾದ ಅಪರಾಧಿಗೂ ಇದೇ ದಾರಿಯಾದೀತು ಎಂದು ಎದುರು ಪಕ್ಷದವರು ಎಚ್ಚರಿಸಿದರು. ಆ ಮಾತಿನಲ್ಲಿ ತಿರುಳಿಲ್ಲವೆನ್ನುವಂತಿಲ್ಲ. ಎರಡು ಸಭೆಗಳಲ್ಲಿಯೂ ಮತಗಳು ಹೆಚ್ಚುಕಡಮೆ ಪಕ್ಷದ ಗೆರೆಯ ಮೇಲೆಯೇ ಬಿದ್ದವು.

ಉಳಿದ ಪ್ರಶ್ನೆ

ಈ ಗಲಭೆಯಲ್ಲಿ ಗಡಿಯ ಸಂಕಟಕ್ಕೆ ಏನಾಯಿತು? ಅದೇ ಫೆಬ್ರವರಿಯ ಮೊದಲ ವಾರದಲ್ಲಿ ಮೂವರು ಸೆನೇಟರು ತಿಂಗಳುಗಟ್ಟಲೆ ಕುಳಿತು ಸಿದ್ಧಪಡಿಸಿದ ಒಂದು ಮಸೂದೆ ಸೆನೇಟಿನ ಮುಂದಿತ್ತು. ತಡೆದಿಡುವ ಸ್ಥಳವನ್ನು ಹೆಚ್ಚಿಸುವುದು, ಆಶ್ರಯದ ಅರ್ಜಿಯನ್ನು ಬೇಗ ತೀರ್ಮಾನಿಸುವುದು, ನೂಕುನುಗ್ಗಲು ಮಿತಿಮೀರಿದರೆ ಗಡಿಯನ್ನು ಮುಚ್ಚುವುದು ಮುಂತಾದವು ಅದರಲ್ಲಿದ್ದವು. ಆ ಮಾತುಕತೆಯಲ್ಲಿ ಮಯೋರ್ಕಸ್ ಅವರೂ ಪಾಲುಗೊಂಡಿದ್ದರು. ಡೊನಾಲ್ಡ್ ಟ್ರಂಪ್ ಅವರು ಅದನ್ನು ವಿರೋಧಿಸಿದರು. ಮೊದಲನೆಯ ಮಹಾಭಿಯೋಗ ಬಿದ್ದ ಮರುದಿನವೇ, ಫೆಬ್ರವರಿ 7ರಂದು, 49ಕ್ಕೆ 50ರಂತೆ ಮಸೂದೆಯೂ ಬಿದ್ದುಹೋಯಿತು. ಕಾಯಿಲೆಗೆ ಔಷಧ ಕಲಸುತ್ತಿದ್ದ ಬಟ್ಟಲನ್ನೂ ವೈದ್ಯನ ಮೇಲಿನ ದೂರನ್ನೂ ಒಂದೇ ವಾರದಲ್ಲಿ ನೆಲಕ್ಕೆ ಚೆಲ್ಲಿದಂತಾಯಿತು.

ಜೂನ್ ತಿಂಗಳಲ್ಲಿ ಅಧ್ಯಕ್ಷ ಬೈಡನ್ ಅವರು ತಮ್ಮ ಆಜ್ಞೆಯಿಂದಲೇ ಆಶ್ರಯದ ಅರ್ಜಿಗಳಿಗೆ ಮಿತಿ ಹಾಕಿದರು. ಮೆಕ್ಸಿಕೊ ದೇಶವೂ ತನ್ನ ಕಡೆ ತಡೆ ಹೆಚ್ಚಿಸಿತ್ತು. ದಾಟುವವರ ಸಂಖ್ಯೆ ಇಳಿಯಿತು. 2023ರ ಡಿಸೆಂಬರಿನಲ್ಲಿ 2,50,000 ಇದ್ದುದು 2024ರ ಡಿಸೆಂಬರಿನಲ್ಲಿ ಸುಮಾರು 47,000ಕ್ಕೆ ಬಂದಿತು. ಇಷ್ಟು ಮಾಡಲು ಸಾಧ್ಯವಿದ್ದರೆ ಮೊದಲೇ ಏಕೆ ಮಾಡಲಿಲ್ಲವೆಂದು ಜನರು ಕೇಳಿದ್ದು ಸಹಜ. ಆ ಪ್ರಶ್ನೆಗೆ ತೀರ್ಪು ಕೊಡತಕ್ಕ ಪೀಠವೊಂದು ಇದ್ದೇ ಇತ್ತು. 2024ರ ನವೆಂಬರಿನಲ್ಲಿ ಮತದಾರರು ಸರತಿಯ ಸಾಲಿನಲ್ಲಿ ನಿಂತು, ಇತರ ಅನೇಕ ವಿಷಯಗಳೊಡನೆ ಇದನ್ನೂ ತೂಗಿ, ಆಳುವ ಪಕ್ಷವನ್ನು ಇಳಿಸಿದರು. 2025ರ ಜನವರಿ 20ರಂದು ಮಯೋರ್ಕಸ್ ಅವರೂ ತಮ್ಮ ಅಧ್ಯಕ್ಷರೊಡನೆ ಅಧಿಕಾರ ಬಿಟ್ಟರು.

ಫಿಲಡೆಲ್ಫಿಯದ ಹಿರಿಯರು 'ದುರಾಡಳಿತ' ಎಂಬ ಮಾತನ್ನು ಒರೆಸಿದುದರ ಮರ್ಮ ಇದೇ ಎಂದು ನಮಗೆ ತೋರುತ್ತದೆ. ಕೆಟ್ಟ ಆಡಳಿತವನ್ನು ಕ್ಷಮಿಸಿರೆಂದು ಅವರು ಹೇಳಲಿಲ್ಲ. ಅದನ್ನು ತೂಗುವ ತಕ್ಕಡಿ ಬೇರೆಯೆಂದರು. ಲಂಚಕೋರನಿಗೆ ನ್ಯಾಯಪೀಠ, ಬುದ್ಧಿಗೆಟ್ಟ ನೀತಿಗೆ ಜನರ ಮತ. ಬಂಗಾರ ತೂಗುವ ತಕ್ಕಡಿಯಲ್ಲಿ ಸೌದೆಯನ್ನು ಹೇರಿದರೆ ಸೌದೆಯ ತೂಕವೂ ತಿಳಿಯದು, ತಕ್ಕಡಿಯೂ ಕೆಡುವುದು. ಆದರೆ ಈ ವಿವೇಕದ ಇನ್ನೊಂದು ಮುಖವನ್ನೂ ಮರೆಯಬಾರದು. ಸಭೆಯು ಕಾನೂನಿನಲ್ಲಿ 'ತಕ್ಕದ್ದು' ಎಂದು ಬರೆದು, ಅದನ್ನು ನಡೆಸಲು ಬೇಕಾದ ಹಣವನ್ನು ಕೊಡದೆ, ಮಂತ್ರಿಯೂ ಆ ಮಾತನ್ನು ಬದಿಗಿರಿಸಿ ನಡೆದರೆ, ಕಾನೂನಿನ ಮೇಲೆ ಜನರಿಗಿರುವ ನಂಬಿಕೆ ಎರಡು ಕಡೆಯಿಂದಲೂ ಸವೆಯುತ್ತದೆ. ಆ ಸವೆತಕ್ಕೆ ಮಹಾಭಿಯೋಗವು ಮದ್ದಾಗಲಿಲ್ಲ. ಅದನ್ನು ತಳ್ಳಿಹಾಕಿದ್ದೂ ಮದ್ದಾಗಲಿಲ್ಲ.

ಸಮಿತಿಯು ವಿಚಾರಣೆ ನಡೆಸುತ್ತಿದ್ದ ಅದೇ ಜನವರಿ ತಿಂಗಳಲ್ಲಿ ಈಗಲ್ ಪಾಸಿನ ಹತ್ತಿರ ರಿಯೊ ಗ್ರಾಂಡೆಯನ್ನು ದಾಟುವಾಗ ಒಬ್ಬ ತಾಯಿಯೂ ಎರಡು ಮಕ್ಕಳೂ ಮುಳುಗಿ ತೀರಿಕೊಂಡರು. ನದಿಯಲ್ಲಿ ಹೋದ ಆ ತಾಯಿಗೂ, ಸಮಿತಿಯ ಮುಂದೆ ಕುಳಿತು ಮಗಳ ಹೆಸರು ಹೇಳಿ ಅತ್ತ ಆ ಇಬ್ಬರು ತಾಯಂದಿರಿಗೂ, 214 ಹೆಚ್ಚೋ 213 ಹೆಚ್ಚೋ ಎಂಬ ಎಣಿಕೆಯಿಂದ ಉತ್ತರ ಸಿಕ್ಕಲಿಲ್ಲ. ಯಾರ ತಪ್ಪೆಂದು ಕೇಳುವುದು ಅವಶ್ಯವೇ ಸರಿ. ಕೇಳಿ ಮುಗಿದ ಮೇಲೆ ಮುರಿದ ಬೇಲಿಯನ್ನು ಕಟ್ಟುವವರೂ, ಬಾಗಿಲಲ್ಲಿ ನಿಂತವನ ಅಳಲನ್ನು ಕೇಳಿ ಹೌದೋ ಅಲ್ಲವೋ ಎಂದು ಬೇಗ ಹೇಳಿ ಕಳುಹಿಸುವವರೂ ಬೇಕು. ಆ ಕೆಲಸಕ್ಕೆ ಮಹಾಭಿಯೋಗದಷ್ಟು ಸದ್ದಿಲ್ಲ. ಆದರೆ ಮನೆಯಲ್ಲಾಗಲಿ ದೇಶದಲ್ಲಾಗಲಿ ಬಾಳು ನಡೆಯುವುದು ಅದರಿಂದಲೇ.